ಹೆಡ್ಲಿ ಮತ್ತು ಬಿಷಪ್ಪನ ಬೆನ್ನು

ಹೆಡ್ಲಿ ಟ್ರೆಂಬಾತ್ ಆ ಶನಿವಾರ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಲವ್‌ಡೇಯ ಅಂಗಡಿಯಲ್ಲಿ ದಿನಾ ಕೊಳ್ಳುವ ಒಂದು ಪ್ಯಾಸ್ಟಿಯ ಬದಲು ಎರಡು ಕೊಂಡ.

ಮಾಂಸ, ಆಲೂಗಡ್ಡೆ ತುಂಬಿದ ಆ ಪ್ಯಾಸ್ಟಿ ಒಂದು ಒಳಗೆ ಇಳಿದರೆ ಸಂಜೆಯವರೆಗೆ ಹೊಟ್ಟೆ ಹಸಿವಿನ ಸುದ್ದಿ ಎತ್ತುವುದಿಲ್ಲ. ಎರಡು ಕೊಂಡ ಅಂದಮೇಲೆ ಏನೋ ಇರಲೇಬೇಕು. ಲವ್‌ಡೇ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು.

“ಎರಡ್ಯಾಕೆ ನನ್ ಚಿನ್ನ? ಟ್ಯಾಮ್ಸಿನ್ ಮನೇಲಿ ಒಲೆ ಹಚ್ಚಲಿಲ್ವಾ?”

“ಹಚ್ಚಿದಾಳೆ. ಇನ್ನೊಂದು ನಮ್ ಭಾವಮೈದ ಜೋರಿಗೆ.”

“ಜೋರಿಗಾ? ಅವನು ಹಸು ಬಿಟ್ಟು ಎಲ್ಲಿಗೆ ಬರ್ತಾನೆ ಶನಿವಾರ?”

“ಬಂಡೆ ಹತ್ತೋಕೆ.”

“ಯಾವ ಬಂಡೆ?”

ಇಲ್ಲಿ ಹೆಡ್ಲಿ ಸುಳ್ಳು ಹೇಳಬೇಕಿತ್ತು. ಆದರೆ ಅವನು ಅಂಚೆಯವನು. ಐದು ದಿನ ಚೀಲ ಹೊತ್ತು ಏರು ಹತ್ತಿ ಇಳಿದು ಸಾಕಾಗಿದ್ದ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ತ್ರಾಣ ಬೇಕು.

“ಬಿಷಪ್ಪನ ಬೆನ್ನು,” ಅಂದುಬಿಟ್ಟ.

“ಅಯ್ಯೋ ದೇವರೇ, ಕೊನೆಗೂ! ನಮ್ಮೆಜಮಾನ್ರು ಹತ್ತಿದಾರಲ್ಲ ಅದನ್ನ. ಒಂದೇ ಒಂದು ವಿಷಯ ಹೇಳ್ತೀನಿ ಕೇಳು. ನಡುವೆ ಉಬ್ಬಿದೆಯಲ್ಲ, ಅಲ್ಲಿ ಬಲಗಡೆ ಮಾತ್ರ…”

ಹೆಡ್ಲಿ ಎರಡೂ ಪ್ಯಾಸ್ಟಿಯನ್ನು ಎರಡೂ ಕಿವಿಗೆ ಒತ್ತಿಕೊಂಡು ಬೀದಿಗೆ ಓಡಿದ. ಚಿಲ್ಲರೆ ಅಲ್ಲೇ ಉಳಿಯಿತು. ಪ್ಯಾಸ್ಟಿ ಬಿಸಿಯಾಗಿತ್ತು.

ನಮ್ಮ ಟ್ರೆವಾಸ್ ಊರಿನವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಬಿಷಪ್ಪನ ಬೆನ್ನು ಅನ್ನುವುದು ಊರಿನ ಪಡುವಣಕ್ಕೆ ಸಮುದ್ರದೊಳಗೆ ಕಾಲಿಟ್ಟು ನಿಂತ ಕಡಿದಾದ ಗ್ರಾನೈಟ್ ಬಂಡೆಯ ನಟ್ಟನಡುವಿನ ದಾರಿ. ದಾರಿ ಅಂದರೆ ಕೆಲವು ಬಿರುಕು, ಕೆಲವು ಉಬ್ಬು, ಒಂದೆರಡು ಕಡೆ ಕಾಲಿಡಲು ಅಂಗೈ ಅಗಲದ ಮೆಟ್ಟು. ಅಷ್ಟೇ. ಉಳಿದದ್ದೆಲ್ಲ ಗಾಳಿ. ಇನ್ನೂರು ಅಡಿ ನೆಟ್ಟಗೆ ಎದ್ದು, ಅರ್ಧದಲ್ಲಿ ಮುಂದಕ್ಕೆ ಬಾಗಿ, ಊಟ ಹೆಚ್ಚಾದ ಬಿಷಪ್ಪ ಪ್ರಾರ್ಥನೆಗೆ ಬಗ್ಗಿದ ಹಾಗೆ ಕಾಣುತ್ತದೆ.

ನಮ್ಮವರು ಬಂಡೆಗೆ ಕೊಡುವ ದರ್ಜೆ ಕೇಳಿದರೆ ಹೊರಗಿನವರಿಗೆ ತಲೆ ಕೆಡುತ್ತದೆ. ‘ಕಷ್ಟ’ ಅಂತ ಬರೆದಿದ್ದರೆ ಅಜ್ಜಿ ಕೊಡೆ ಹಿಡಿದುಕೊಂಡು ಹತ್ತಬಹುದು. ‘ಬಹಳ ಕಷ್ಟ’ ಅಂದರೆ ಅಜ್ಜಿ ಕೊಡೆ ಮಡಿಚಬೇಕು. ‘ಕಠಿಣ’ ಅಂದರೆ ಅಜ್ಜಿ ಮನೆಯಲ್ಲಿರುವುದು ಒಳ್ಳೆಯದು. ‘ಅತಿ ಕಠಿಣ’ ಅಂದರೆ ಹೋಗುವವರು ಅಜ್ಜಿಗೆ ಹೇಳಿ ಹೋಗಬೇಕು. ಬಿಷಪ್ಪನ ಬೆನ್ನು ಅದಕ್ಕೂ ಒಂದು ಮೆಟ್ಟಿಲು ಮೇಲೆ.

ಬಂಡೆಗೆ ಮೊಳೆ ಹೊಡೆಯುವುದು ನಮ್ಮಲ್ಲಿ ಮಹಾಪಾಪ. ಮುಂದಾಳು ಹಗ್ಗ ಕಟ್ಟಿಕೊಂಡು ಹತ್ತುತ್ತಾ ಬಿರುಕುಗಳಿಗೆ ತನ್ನದೇ ಲೋಹದ ಬೆಣೆ ಸಿಕ್ಕಿಸುತ್ತಾನೆ, ಅದಕ್ಕೆ ಹಗ್ಗ ತಗಲಿಸುತ್ತಾನೆ. ಹಿಂದೆ ಬರುವವನು ಅವನ್ನೆಲ್ಲ ಕಿತ್ತುಕೊಂಡು ಬರುತ್ತಾನೆ. ಬಂಡೆ ಇದ್ದ ಹಾಗೇ ಇರಬೇಕು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅದು ಮೊದಲ ನೋಟ. ಆ ದಾರಿಯ ಬಗ್ಗೆ ಯಾರಿಂದಲೂ ಏನೂ ಕೇಳದೆ, ಚಿತ್ರ ನೋಡದೆ, ಹಿಂದೆ ಒಮ್ಮೆಯೂ ಮುಟ್ಟದೆ, ಮೊದಲ ಸಲಕ್ಕೇ ಮುಂದಾಳಾಗಿ, ಬೀಳದೆ ಹತ್ತಬೇಕು. ಒಂದು ಬಂಡೆಗೆ ಒಬ್ಬ ಮನುಷ್ಯನಿಗೆ ಇಡೀ ಜನ್ಮಕ್ಕೆ ಸಿಗುವುದು ಒಂದೇ ಮೊದಲ ನೋಟ. ಕೆಟ್ಟರೆ ಕೆಟ್ಟಿತು.

ಬಿಷಪ್ಪನ ಬೆನ್ನನ್ನು ಹಾಗೆ ಹತ್ತಿದ ಹದಿನೇಳು ಜನರ ಹೆಸರು ಊರಿನ ಪಬ್ಬಿನ ಗೋಡೆಯ ಮೇಲೆ, ಕರಿ ಹಲಗೆಯಲ್ಲಿ, ಬಂಗಾರದ ಬಣ್ಣದಲ್ಲಿದೆ. ಹದಿನೆಂಟನೆಯ ಹೆಸರು ತನ್ನದಾಗಬೇಕು ಅಂತ ಹೆಡ್ಲಿ ಇಪ್ಪತ್ತೆರಡು ವರ್ಷದಿಂದ ಕಿವಿ ಕಾಪಾಡಿಕೊಂಡಿದ್ದ. ದಾರಿ ಹೇಳುವ ಪುಸ್ತಕದಲ್ಲಿ ಆ ಪುಟವನ್ನು ಹೆಂಡತಿ ಟ್ಯಾಮ್ಸಿನ್ ಕೈಯಿಂದ ಅಂಟಿಸಿ ಮುಚ್ಚಿಸಿದ್ದ. ಪಬ್ಬಿನಲ್ಲಿ ಯಾರಾದರೂ “ಬಿಷಪ್ಪ…” ಅಂದರೆ ಅರ್ಧ ಗ್ಲಾಸು ಬಿಟ್ಟು ಎದ್ದು ಹೋಗುತ್ತಿದ್ದ. ಹೀಗೆ ಬಿಟ್ಟ ಬಿಯರು ಎಷ್ಟು ಅಂತ ಲೆಕ್ಕ ಹಾಕಿದರೆ ಅಳು ಬರುತ್ತದೆ. ಇಷ್ಟು ವರ್ಷ ಹತ್ತದೆ ಯಾಕೆ ಕೂತ ಅಂದರೆ, ತಯಾರಿ. ಇನ್ನೊಂದು ವರ್ಷ ಕೈ ಗಟ್ಟಿಯಾಗಲಿ ಅಂದುಕೊಂಡು ಅಂದುಕೊಂಡು ನಲವತ್ತೇಳಾಯಿತು. ಕೈ ಗಟ್ಟಿಯಾಗಲಿಲ್ಲ, ಮೊಣಕೈ ಮಾತ್ರ ಗಟ್ಟಿಯಾಗಿ ಮಡಚದ ಹಾಗಾಯಿತು. ಡಾಕ್ಟರು ಕಳೆದ ವಾರ “ಈ ಬೇಸಿಗೆಗೆ ಮುಗಿಸ್ಬಿಡಪ್ಪ, ಆಮೇಲೆ ಹಗ್ಗದಲ್ಲಿ ಬಟ್ಟೆ ಒಣಗಿಸು” ಅಂದಿದ್ದರು.

ಲವ್‌ಡೇಗೆ ಹೇಳಿದ್ದು ಏಳೂವರೆಗೆ. ಏಳು ಐವತ್ತಕ್ಕೆ ಊರಿಗೆಲ್ಲ ಗೊತ್ತಾಗಿತ್ತು.

ಮೊದಲು ಸಿಕ್ಕಿದವನು ಪೆಟ್ರಾಕ್, ಅಂಚೆ ಕಚೇರಿಯ ಜೊತೆಗಾರ. ಕೆಂಪು ವ್ಯಾನನ್ನು ಹೆಡ್ಲಿಯ ಪಕ್ಕದಲ್ಲೇ ನಡಿಗೆಯ ವೇಗದಲ್ಲಿ ಓಡಿಸುತ್ತಾ ಕಿಟಕಿಯಿಂದ ತಲೆ ಹಾಕಿದ.

“ಹೆಡ್ಲಿ, ನಾನು ದಾರಿ ಹೇಳಲ್ಲ ಕಣೋ. ಬರೀ ಬೆಣೆ ಸೈಜು ಹೇಳ್ತೀನಿ. ಸೈಜು ಹೇಳಿದ್ರೆ ಏನೂ ತಪ್ಪಿಲ್ಲ.”

“ತಪ್ಪಿದೆ!”

“ಎರಡನೇ ಮೆಟ್ಟಿನ ಮೇಲೆ ಒಂದು ಬಿರುಕು…”

ಹೆಡ್ಲಿ ಗಂಟಲು ಹರಿಯುವ ಹಾಗೆ ಚಾಪೆಲ್ಲಿನ ಸ್ತೋತ್ರ ಒಂದನ್ನು ಹಾಡತೊಡಗಿದ. ಪೆಟ್ರಾಕ್ ಚಾಪೆಲ್ಲಿನ ಗಾಯಕ ಮಂಡಳಿಯಲ್ಲಿ ಇಪ್ಪತ್ತು ವರ್ಷದಿಂದ ಕೆಳದನಿಯವನು. ಸ್ತೋತ್ರ ಕೇಳಿದ್ದೇ ತಡ, ಬೆಣೆ ಮರೆತು ಕೆಳದನಿ ಸೇರಿಸಿದ. ಇಬ್ಬರೂ ನಾಲ್ಕು ಚರಣ ಮುಗಿಸುವಷ್ಟರಲ್ಲಿ ಹಿಂದೆ ಮೂರು ಕಾರು, ಒಂದು ಟ್ರ್ಯಾಕ್ಟರು ನಿಂತಿದ್ದವು. ಟ್ರ್ಯಾಕ್ಟರಿನವನು ಬೈದ ಮೇಲೆ ವ್ಯಾನು ಮುಂದೆ ಹೋಯಿತು.

ಆಮೇಲೆ ಮೊರ್ವೆನ್ನಾ ಮೇಡಂ ಮನೆ. ಹಲಗೆಯ ಮೇಲಿರುವ ಹದಿನೇಳರಲ್ಲಿ ಇವರೂ ಒಬ್ಬರು. ಹೆಡ್ಲಿಗೆ ಮಗ್ಗಿ ಕಲಿಸಿದವರು.

“ಹೆಡ್ಲಿ! ಇಲ್ಲಿ ನೋಡು!”

ಸ್ತೋತ್ರದ ನಡುವೆಯೂ ಆ ದನಿ ಒಳಗೆ ಬಂತು. ನಲವತ್ತು ವರ್ಷದ ಅಭ್ಯಾಸ. ನೋಡಿದ. ಮೇಡಂ ಮಾತಾಡಲಿಲ್ಲ. ಕಿಟಕಿಯಲ್ಲಿ ನಿಂತು ಎಡಗಾಲನ್ನು ಎತ್ತಿ ಎತ್ತಿ ಸೊಂಟದೆತ್ತರದ ಹೂಕುಂಡದ ಪಕ್ಕ ಇಟ್ಟು, ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದರು.

ಹೆಡ್ಲಿ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿಯೇ ನಡೆದ. ನಮ್ಮ ಕಡೆ ದಾರಿಯ ಎರಡೂ ಬದಿಗೆ ಕಲ್ಲುಗೋಡೆ, ಅದರ ಮೇಲೆ ಹಳದಿ ಹೂವಿನ ಮುಳ್ಳುಪೊದೆ. ಹೂವು ನೋಡುವುದಕ್ಕೆ ಚಂದ. ಹೆಡ್ಲಿ ಮುಖವನ್ನು ಅದರಲ್ಲಿ ತುರುಕಿ ನಿಂತ.

“ಈಗಲೂ ಹಾಗೇ. ಹೇಳಿದ್ದು ಕೇಳಲ್ಲ,” ಅಂದು ಮೇಡಂ ಕಿಟಕಿ ಹಾಕಿಕೊಂಡರು.

ಮುಳ್ಳು ಕೀಳುತ್ತಾ ಹೆಡ್ಲಿ ತನ್ನ ಮನಸ್ಸಿಗೆ ಸಮಾಧಾನ ಹೇಳಿದ. ಅದು ಬಂಡೆಯ ವಿಷಯವೇ ಅಂತ ಹೇಗೆ ಹೇಳುವುದು? ವಯಸ್ಸಾದವರು ಬೆಳಿಗ್ಗೆ ವ್ಯಾಯಾಮ ಮಾಡುತ್ತಾರೆ. ಇದನ್ನು ಅವನು ಪೂರ್ತಿ ನಂಬಲಿಲ್ಲ, ಮುಕ್ಕಾಲು ನಂಬಿದ.

ಆಗ ಹಿಂದಿನಿಂದ ಕೋಲಿನ ಸದ್ದು ಕೇಳಿಸಿತು.

“ಹೆಡ್ಲೀ! ನಿಲ್ಲೋ! ಒಂದು ಮಾತು!”

ಕಪ್ತಾನ ಆಂಗ್ವಿನ್! ತವರದ ಗಣಿ ಇದ್ದ ಕಾಲದಲ್ಲಿ ಮೇಲ್ವಿಚಾರಕನಾಗಿದ್ದವನು. ಗಣಿ ಮುಚ್ಚಿದರೂ ಕಪ್ತಾನ ಅನ್ನುವುದು ಉಳಿದಿತ್ತು. ಎಂಬತ್ತೊಂದು ವರ್ಷ. ಪಬ್ಬಿನ ಹಲಗೆ ಅವನ ವಶದಲ್ಲಿತ್ತು. ಹತ್ತಿ ಬಂದವರು ಅವನ ಮುಂದೆ ಕೂತು ಕೆಳಗಿನಿಂದ ಮೇಲಿನವರೆಗೆ ಒಂದೊಂದು ಹಿಡಿತವನ್ನೂ ಒಪ್ಪಿಸಬೇಕು. ಅವನು ನಂಬಿದರೆ ಹೆಸರು ಏರುತ್ತದೆ. ಫೋಟೋ ಒಂದನ್ನು ನೋಡಿದ್ದ ಅಂತ ಗೊತ್ತಾದಾಗ ಸ್ವಂತ ತಮ್ಮನ ಹೆಸರನ್ನೇ ಕೆರೆದು ಹಾಕಿದ ಮನುಷ್ಯ. ಹೀಗಾಗಿ ಬಿಷಪ್ಪನ ಬೆನ್ನಿನ ಒಂದೊಂದು ಅಂಗುಲವೂ ಅವನ ತಲೆಯಲ್ಲಿ ತುಂಬಿತ್ತು. ಬಾಯಿ ತೆರೆದರೆ ತೂತುಬಿದ್ದ ಚೀಲದಿಂದ ಧಾನ್ಯ ಸುರಿದಂತೆ ಸುರಿಯುವುದು ಖಂಡಿತ.

“ಒಂದೇ ಮಾತು ಕಣೋ ನನ್ ರಾಜಾ! ತುಂಬಾ ಮುಖ್ಯ!”

“ಬೇಡ ಕಪ್ತಾನ್! ಸಂಜೆ ಕೇಳ್ತೀನಿ! ಕೈ ಮುಗಿತೀನಿ!”

“ಸಂಜೆಗೆ ಹೇಳಿದ್ರೆ ಏನ್ ಬಂತು! ಈಗ್ಲೇ ಕೇಳು, ನಿನ್ ಶ್ರಮ ಉಳಿಯತ್ತೆ!”

ಶ್ರಮ ಉಳಿಯುತ್ತದಂತೆ! ಶ್ರಮ ಉಳಿಸುವುದಕ್ಕೆ ತಾನೇ ಎಲ್ಲರೂ ಬೆಳಿಗ್ಗೆಯಿಂದ ಹಿಂದೆ ಬಿದ್ದಿರುವುದು. ಹೆಡ್ಲಿ ಬೆನ್ನ ಚೀಲ, ಹಗ್ಗ, ಸೊಂಟದ ಬೆಣೆಗಳ ಸಮೇತ ಗೋಡೆ ಹತ್ತಿ ಜೋರಿಯ ಹೊಲಕ್ಕೆ ಹಾರಿದ. ಅಲ್ಲಿ ಜೋರಿಯ ಗೂಳಿ ಮಲಗಿತ್ತು. ಅದು ತಲೆ ಎತ್ತಿ, ಇವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಬಾಯಿ ತೆರೆಯಿತು. ಇದೂ ಏನಾದರೂ ಹೇಳಿಬಿಟ್ಟೀತು ಅಂತ ಹೆಡ್ಲಿ ಇನ್ನೊಂದು ಗೋಡೆ ಹಾರಿದ. ಬಂಡೆ ಮುಟ್ಟುವ ಮೊದಲೇ ಅರ್ಧ ಶಕ್ತಿ ಗೋಡೆಗಳಿಗೆ ಖರ್ಚಾಗಿತ್ತು.

ಬಂಡೆಯ ಬುಡದಲ್ಲಿ ಜೋರಿ ಕಾದಿದ್ದ. ಟ್ಯಾಮ್ಸಿನ್‌ಳ ಚಿಕ್ಕಪ್ಪನ ಮಗ, ಬಿಷಪ್ಪನ ಬೆನ್ನನ್ನು ಅವನೂ ಹತ್ತಿದವನಲ್ಲ, ಅದರ ಬಗ್ಗೆ ಕೇಳಿದವನೂ ಅಲ್ಲ. ಹಸುಗಳು ಇದರ ಬಗ್ಗೆ ಮಾತಾಡುವುದಿಲ್ಲವಲ್ಲ.

“ಮುಖಕ್ಕೇನಾಯ್ತು ಭಾವ?”

“ಊರಿನವರ ಪ್ರೀತಿ,” ಅಂದ ಹೆಡ್ಲಿ. “ಹಗ್ಗ ಹಿಡಿ. ಉಬ್ಬರ ಏರೋದ್ರೊಳಗೆ ಹೊರಡೋಣ.”

ಮೊದಲ ಐವತ್ತು ಅಡಿ ಚೆನ್ನಾಗಿ ಹೋಯಿತು. ಬೆರಳುಗಳನ್ನು ಬಿರುಕಿಗೆ ತೂರಿಸು, ಕಾಲು ಎತ್ತು, ಬೆಣೆ ಸಿಕ್ಕಿಸು, ಹಗ್ಗ ತಗಲಿಸು, ಉಸಿರು ಬಿಡು. ಗ್ರಾನೈಟ್ ಕೈಯ ಚರ್ಮವನ್ನು ತುರಿಮಣೆಯ ಹಾಗೆ ತೆಗೆದುಕೊಳ್ಳುತ್ತಿತ್ತು. ಎಂಬತ್ತು ಅಡಿಯಲ್ಲಿ ಎಡ ಮೊಣಕೈ ದೂರು ಶುರುಮಾಡಿತು. ನೂರು ಅಡಿಯಲ್ಲಿ ಬಲದ್ದೂ ಸೇರಿಕೊಂಡಿತು. ಅಲ್ಲಿ ಬಿಷಪ್ಪನ ಬೆನ್ನು ಬಾಗುತ್ತದೆ, ಅಂದರೆ ಬಂಡೆ ತಲೆಯ ಮೇಲೆ ಚಾವಣಿಯ ಹಾಗೆ ಬರುತ್ತದೆ.

ಹೆಡ್ಲಿ ಚಾವಣಿಯ ಕೆಳಗೆ ಒಂದು ಕೈಯಲ್ಲಿ ಜೋತು ಇನ್ನೊಂದನ್ನು ಕೊಡವಿದ. ಕೈ ಬದಲಿಸಿದ. ಮತ್ತೆ ಕೊಡವಿದ. ಬಲಕ್ಕೆ ಹೋಗಬೇಕೋ ಎಡಕ್ಕೋ? ಲವ್‌ಡೇ ‘ಬಲಗಡೆ ಮಾತ್ರ’ ಅಂದಿದ್ದಳು. ಬಲಗಡೆ ಮಾತ್ರ ಹೋಗು ಅಂತಲೋ, ಬಲಗಡೆ ಮಾತ್ರ ಹೋಗಬೇಡ ಅಂತಲೋ? ಸದ್ಯ, ಏನೂ ಗೊತ್ತಿಲ್ಲ! ಗೊತ್ತಿಲ್ಲದಿರುವ ಆ ಸುಖ ಎರಡು ಕ್ಷಣ ಇತ್ತು. ಮೂರನೆಯ ಕ್ಷಣಕ್ಕೆ ಕಾಲು ಹೊಲಿಗೆ ಯಂತ್ರದ ಸೂಜಿಯಂತೆ ಕುಣಿಯತೊಡಗಿತು. ಕೆಳಗೆ ಸಮುದ್ರ ಬಂಡೆಗೆ ಬಡಿದು ಹಿಂದೆ ಹೋಗುತ್ತಿತ್ತು.

“ಭಾವಾ,” ಕೆಳಗಿನಿಂದ ಜೋರಿ ಕೂಗಿದ, “ಬೀಳೋದಾದ್ರೆ ಮುಂಚೆ ಹೇಳು, ಪ್ಯಾಸ್ಟಿ ತಿಂತಿದೀನಿ.”

ಹೆಡ್ಲಿಗೆ ನಗಲು ಪುರುಸೊತ್ತಿರಲಿಲ್ಲ. ಸಾಕು ಅನ್ನಿಸಿತು. ಹಲಗೆ ಬೇಡ, ಹೆಸರು ಬೇಡ, ಕೈ ಬಿಟ್ಟುಬಿಡೋಣ, ಬೆಣೆ ಹಿಡಿದರೆ ಹಿಡಿಯಲಿ, ಮನೆಗೆ ಹೋಗಿ ಕಾಲು ಚಾಚಿ ಮಲಗೋಣ ಅನ್ನಿಸಿತು. ಹಾಗನ್ನಿಸಿದ ಹೊತ್ತಿಗೇ ಅವನ ಎಡಗೈ, ಅವನನ್ನು ಕೇಳದೆ, ಮೂಲೆಯಾಚೆ ಕಣ್ಣಿಗೆ ಕಾಣದ ಕಡೆ ಹೋಗಿ, ಒಂದು ದಪ್ಪ ಅಂಚನ್ನು ಗಪ್ಪನೆ ಹಿಡಿಯಿತು. ಒಳ್ಳೇ ಬಾಗಿಲ ಹಿಡಿಯಂಥ ಅಂಚು. ಹೆಡ್ಲಿ ಅದರಿಂದ ತೂಗಿ ಆಚೆ ಹೋದ, ಇನ್ನೂ ನಲವತ್ತು ಅಡಿ ಮೇಲೇರಿದ.

ಅನುಭವ ಅಂದರೆ ಇದೇ ಅಲ್ಲವೇ ಅಂದುಕೊಂಡು ಅವನಿಗೆ ತನ್ನ ಮೇಲೆ ತನಗೇ ಪ್ರೀತಿ ಉಕ್ಕಿತು. ಅಷ್ಟರಲ್ಲಿ ಮೇಲಿಂದ ಬಂಡೆಯಂಚಿನಿಂದ ದನಿ ಬಂತು.

“ಹೆಡ್ಲೀ! ಅಲ್ಲಿದೀಯಾ? ಒಂದು ಮಾತು!”

ಆ ಮುದುಕ ಹೊಲ ಸುತ್ತಿ, ಕೋಲೂರಿಕೊಂಡು ಮೇಲಿನ ದಾರಿಯಲ್ಲಿ ಬಂದು ಕೂತಿದ್ದ! ಇನ್ನು ಅರವತ್ತು ಅಡಿ ಉಳಿದಿತ್ತು. ಕೈ ಎರಡೂ ಬಂಡೆಯಲ್ಲಿವೆ, ಕಿವಿ ಮುಚ್ಚುವಂತಿಲ್ಲ. ಹೆಡ್ಲಿ ಮತ್ತೆ ಸ್ತೋತ್ರ ಹಿಡಿದ. ಅರವತ್ತು ಅಡಿಯನ್ನೂ ಹಾಡುತ್ತಲೇ ಹತ್ತಿದ. ಉಸಿರಿಲ್ಲದ ಕಡೆ ಬರೀ ರಾಗ ಎಳೆದ. ಕಡೆಯ ಚರಣ ಮುಗಿಯುವಾಗ ಅವನ ಹೊಟ್ಟೆ ಹುಲ್ಲಿನ ಮೇಲಿತ್ತು, ಮೂಗು ಕಪ್ತಾನನ ಬೂಟಿನ ಮುಂದಿತ್ತು.

ಬಿದ್ದಿರಲಿಲ್ಲ. ಯಾರ ಮಾತನ್ನೂ ಪೂರ್ತಿ ಕೇಳಿರಲಿಲ್ಲ. ಮೇಡಂ ಕಾಲೊಂದು ಬಿಟ್ಟರೆ ಏನೂ ನೋಡಿರಲಿಲ್ಲ. ಹೆಡ್ಲಿಯ ಕಣ್ಣಲ್ಲಿ ನೀರು ಬಂತು. ಬಂಡೆಗೆ ಹಗ್ಗ ಬಿಗಿದು ಕೂತು ಜೋರಿಯನ್ನು ಮೇಲೆಳೆದುಕೊಳ್ಳುವಷ್ಟು ಹೊತ್ತೂ ಕಪ್ತಾನನಿಗೆ “ಸುಮ್ನಿರಿ, ಸುಮ್ನಿರಿ, ಅವನಿಗೂ ಕೇಳಿಸ್ಬಾರ್ದು” ಅನ್ನುತ್ತಲೇ ಇದ್ದ. ಜೋರಿ ಬೆಣೆಗಳನ್ನೆಲ್ಲ ಕೊರಳಿಗೆ ಹಾಕಿಕೊಂಡು ಏದುಸಿರು ಬಿಡುತ್ತಾ ಬಂದು ಬಿದ್ದ ಮೇಲೆ ಹೆಡ್ಲಿ ಕಾಲು ಚಾಚಿದ.

“ಈಗ ಹೇಳಿ ಕಪ್ತಾನ್. ಏನ್ ಬೇಕಾದ್ರೂ ಹೇಳಿ. ಇಪ್ಪತ್ತೆರಡು ವರ್ಷ ಆದ್ಮೇಲೆ ನನ್ ಕಿವಿ ಖಾಲಿಯಾಗಿದೆ.”

ಕಪ್ತಾನ ಕೋಟಿನ ಜೇಬಿನಿಂದ ತುಕ್ಕು ಹಿಡಿದ ಹೊಗೆಸೊಪ್ಪಿನ ಡಬ್ಬಿ ತೆಗೆದು ಅವನ ತೊಡೆಯ ಮೇಲಿಟ್ಟ. ಮುಚ್ಚಳದ ಮೇಲೆ ಚಾಕುವಿನಲ್ಲಿ ಕೆತ್ತಿದ್ದು ‘ಆಂಗ್ವಿನ್’ ಅಂತ.

“ನಿನ್ನೆ ಸಾಯಂಕಾಲ ಕಾರ್ಡಿಫ್ ಕಡೆ ಹುಡುಗನೊಬ್ಬ ತಂದ್ಕೊಟ್ಟ. ಬಿಷಪ್ಪನ ಬೆನ್ನಿನ ಎರಡನೇ ಮೆಟ್ಟಲ್ಲಿ, ಬಿರುಕಿನ ಒಳಗೆ ಸಿಕ್ಕಿತಂತೆ.”

“ಅದಕ್ಕೆ?”

“ನಾನು ಬಿಷಪ್ಪನ ಬೆನ್ನು ಯಾವತ್ತೂ ಹತ್ತಿಲ್ಲ ಮಗಾ. ಹತ್ತಿಲ್ಲ ಅಂದ್ಕೊಂಡಿದ್ದೆ. ಈ ಡಬ್ಬಿ ಕಳೆದಿದ್ದು ಯಾವತ್ತು ಗೊತ್ತಾ? ನೀನು ಮೊದಲ್ನೇ ಸಲ ನನ್ ಜೊತೆ ಹಗ್ಗ ಕಟ್ಕೊಂಡಿದ್ಯಲ್ಲ, ಆ ದಿನ. ಸಮುದ್ರದ ಮಂಜು ಮುಚ್ಕೊಂಡು ಮೂಗಿನ ತುದಿ ಕಾಣ್ತಿರ್ಲಿಲ್ಲ.”

“ನೆನಪಿಲ್ದೆ ಏನು! ಬಿಷಪ್ಪನ ಪಕ್ಕದ ದಾರಿ, ‘ಅತ್ತೆಯ ಏಣಿ’, ಅದನ್ನ ಹತ್ತಿದ್ವಿ. ನೀವು ಮುಂದೆ, ನಾನು ಹಿಂದೆ. ದರ್ಜೆ ಬರೀ ‘ಬಹಳ ಕಷ್ಟ’, ಆದ್ರೂ ನನ್ ಪ್ರಾಣವೇ ಬಾಯಿಗೆ ಬಂದಿತ್ತು. ಆವತ್ತಿಂದ ಆ ಏಣಿ ಕಡೆ ತಲೆ ಹಾಕಿ ಮಲಗಿಲ್ಲ.”

“ಅದು ಅತ್ತೆಯ ಏಣಿ ಅಲ್ಲ.”

ಜೋರಿ ಹಗ್ಗ ಸುತ್ತುವುದನ್ನು ನಿಲ್ಲಿಸಿದ.

“ಮಂಜಲ್ಲಿ ದಾರಿ ತಪ್ಪಿತ್ತು ಕಣೋ. ಇಪ್ಪತ್ತು ಗಜ ಈ ಕಡೆ ಬಂದು ಬಿಷಪ್ಪನ ಬೆನ್ನೇ ಹತ್ತಿಬಿಟ್ಟಿದ್ವಿ. ಅದನ್ನ ಹೇಳೋಣ ಅಂತ್ಲೇ ಬೆಳಿಗ್ಗೆಯಿಂದ ಓಡಾಡ್ತಿದೀನಿ. ನೀನೋ, ಹಾಡ್ಕೊಂಡು ಗೋಡೆ ಹಾರ್ತೀಯ.”

ಹೆಡ್ಲಿ ಮುಚ್ಚಳದ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದ. ಆಮೇಲೆ ಮೆಲ್ಲಗೆ ಕೇಳಿದ, “ಹಾಗಾದ್ರೆ… ಆವತ್ತೇ ನಂದು ಮೊದಲ ನೋಟ ಆಗೋಯ್ತು ಅಂತಾನಾ? ಬೀಳ್ಲಿಲ್ವಲ್ಲ ನಾನು.”

“ನೀನು ಹಿಂದಾಳು. ಹಿಂದೆ ಬಂದದ್ದು ಲೆಕ್ಕಕ್ಕಿಲ್ಲ.”

“ಈವತ್ತು ಮುಂದೆ ಬಂದೆನಲ್ಲ!”

“ಈವತ್ತು ಎರಡನೇ ನೋಟ. ಅದೂ ಲೆಕ್ಕಕ್ಕಿಲ್ಲ.”

“ಹಾಗಾದ್ರೆ ಕಪ್ತಾನ್, ನಂದು?” ಅಂದ ಜೋರಿ.

“ನೀನು ಇವನ ಹಿಂದೆ ಬಂದ್ಯಲ್ಲ. ನಿಂದೂ ಈಗ ತಾನೆ ಹೋಯ್ತು.”

ಜೋರಿ ಭಾವನ ಕಡೆ ನೋಡಿದ ನೋಟ ಅಷ್ಟು ಒಳ್ಳೆಯದಾಗಿರಲಿಲ್ಲ. ಕಪ್ತಾನ ಗಂಟಲು ಸರಿ ಮಾಡಿಕೊಂಡು, ಇನ್ನೊಂದು ಜೇಬಿನಿಂದ ಬಂಡೆ ಹತ್ತುವವರ ಸಂಘದ ಹಳೇ ದಾಖಲೆ ಪುಸ್ತಕ ತೆಗೆದ. ಎಂಬತ್ತೊಂದರ ಮುಖದಲ್ಲಿ ಸ್ವಲ್ಪ ನಾಚಿಕೆ ಇತ್ತು.

“ಆದ್ರೆ ಆವತ್ತು ಮುಂದಾಳು ನಾನಲ್ವಾ. ಆಗಿನ್ನೂ ಹಲಗೆ ನನ್ ವಶಕ್ಕೆ ಬಂದಿರ್ಲಿಲ್ಲ, ಯಾರಿಂದ್ಲೂ ಏನೂ ಕೇಳಿರ್ಲಿಲ್ಲ, ನೋಡೋಕಂತೂ ಏನೂ ಕಾಣ್ತಿರ್ಲಿಲ್ಲ. ಸಿಳ್ಳೆ ಹಾಕ್ಕೊಂಡು ಹತ್ತಿದೀನಿ. ಹಾಗಾಗಿ ಹದಿನೆಂಟನೇ ಹೆಸರು… ನಂದಾಗತ್ತೆ. ಹಿಂದಾಳು ಸಾಕ್ಷಿ ಹಾಕ್ಬೇಕು ಅಂತ ನಿಯಮ. ನಾನೇ ಮಾಡಿದ್ದು. ಬಣ್ಣದವನು ಪಬ್ಬಲ್ಲಿ ಕೂತಿದಾನೆ, ಹೆಚ್ಚು ಕುಡಿದ್ರೆ ಅಕ್ಷರ ಸೊಟ್ಟ ಆಗತ್ತೆ. ಇಲ್ಲೊಂದು ರುಜು ಹಾಕು ನನ್ ರಾಜಾ.”

ಹೆಡ್ಲಿ ಪೆನ್ನು ಹಿಡಿಯಲು ನೋಡಿದ. ಬೆರಳು ಮಡಚಲಿಲ್ಲ. ಜೋರಿ ಅವನ ಮುಷ್ಟಿಯೊಳಗೆ ಪೆನ್ನು ಸಿಕ್ಕಿಸಿ ಕೈಯನ್ನು ಕಾಗದದ ಮೇಲೆ ತಳ್ಳಿಕೊಟ್ಟ. ರುಜು ನೋಡುವುದಕ್ಕೆ ಕೋಳಿ ಕೆದರಿದ ಹಾಗಿತ್ತು, ಆದರೂ ಕಪ್ತಾನ ಪುಸ್ತಕವನ್ನು ಎದೆಗೆ ಒತ್ತಿಕೊಂಡ. ಆ ಮುದುಕನ ಸಂತೋಷ ನೋಡಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗಲಿಲ್ಲ.

ಹೆಡ್ಲಿ ಹುಲ್ಲಿನ ಮೇಲೆ ಒರಗಿದ. ಕೈಯೆರಡೂ ಒದ್ದೆ ಹಗ್ಗದ ಹಾಗೆ ಪಕ್ಕದಲ್ಲಿ ಬಿದ್ದಿದ್ದವು. ಹೋಗಲಿ, ಎಲ್ಲ ಹೋಗಲಿ. ಹೀಗೆ ಅಂದುಕೊಳ್ಳುತ್ತಿರುವಾಗ ಒಂದು ವಿಷಯ ಹೊಳೆದು ತಲೆ ಎತ್ತಿದ.

“ಕಪ್ತಾನ್! ಆವತ್ತು ಹತ್ತಿದ್ದು ಬಿಷಪ್ಪನ ಬೆನ್ನು ಅಂದ್ಮೇಲೆ, ಅತ್ತೆಯ ಏಣಿ ನಾನು ಹತ್ತೇ ಇಲ್ಲ ಅಲ್ವಾ?”

“ಇಲ್ಲವೇ ಇಲ್ಲ.”

“ಪುಸ್ತಕದಲ್ಲಿ ಓದಿಲ್ಲ. ಯಾರೂ ಹೇಳಿಲ್ಲ. ಅದರ ಮೊದಲ ನೋಟ ನನಗಿನ್ನೂ ಇದೆ!”

ಅತ್ತೆಯ ಏಣಿಗೆ ಹಲಗೆ ಇಲ್ಲ, ಬಂಗಾರದ ಬಣ್ಣವಿಲ್ಲ. ಅಜ್ಜಿ ಕೊಡೆ ಮಡಿಚಿ ಹತ್ತುವ ಬಂಡೆ. ಆದರೂ ಅದು ತನ್ನದು, ಇನ್ನೂ ಮುಟ್ಟದ್ದು, ಈ ಮೊಣಕೈಗೂ ಆಗುವಂಥದ್ದು. ನಾಳೆ ಭಾನುವಾರ. ಹೆಡ್ಲಿಯ ಮುಳ್ಳು ಗೀಚಿದ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಸಲ ನಗು ಕಾಣಿಸಿತು.

“ಅತ್ತೆಯ ಏಣಿನಾ!” ಕಪ್ತಾನನಿಗೆ ಈಗ ಯಾರಿಗಾದರೂ ಉಪಕಾರ ಮಾಡಲೇಬೇಕು ಅನ್ನುವಷ್ಟು ಖುಷಿಯಾಗಿತ್ತು. “ಅದೇನ್ ಮಹಾ ನನ್ ರಾಜಾ, ಹೇಳ್ತೀನಿ ಕೇಳು. ಬುಡದಲ್ಲಿ ಎಡಗೈನ ದೊಡ್ಡ ಬಿರುಕಿಗೆ ಹಾಕು, ಬಲಗಾಲು ಬಿಳೀ ಕಲ್ಲಿನ ಮೇಲೆ. ಹತ್ತಡಿ ಹೋದ್ರೆ ಒಂದು ಗೂಡಿದೆ, ಅದರೊಳಗೆ ಕೈ ಹಾಕಿದ್ರೆ…”

ಹೆಡ್ಲಿ ಕಿವಿ ಮುಚ್ಚಿಕೊಳ್ಳಲು ಹೋದ. ಕೈಗಳು ಸೊಂಟದಿಂದ ಮೇಲೆ ಏಳಲಿಲ್ಲ.